ಮೂಳೆ ಕೂರಿಸುವ ಫರಾಜ್ ಮತ್ತು ಅವನ ಮುತ್ತಾತನ ಪುಸ್ತಕ

ಅಲ್ಕರೀಲ್ ಊರಿನ ಮೂಳೆ ವೈದ್ಯ ಫರಾಜ್ ಎಪ್ಪತ್ತೊಂದು ವರ್ಷ ಬದುಕಿದ. ಶಲೋನ್ ನದಿಯ ಎರಡೂ ದಡದಲ್ಲಿ ಇವತ್ತು ನೆಟ್ಟಗೆ ಓಡಾಡಿಕೊಂಡಿರುವ ಮುದುಕರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ದಿನ ಅವನ ಕೈಗೆ ಸಿಕ್ಕಿ ಅರಚಿಕೊಂಡವರೇ. ಆದರೆ ಕೊನೆಯ ಇಪ್ಪತ್ತು ವರ್ಷ ಅವನು ತಲೆ ಎತ್ತಿ ಬೀದಿಯಲ್ಲಿ ನಡೆದದ್ದನ್ನು ಕಂಡವರಿಲ್ಲ. ಹೊಸಬರು ಅದನ್ನು ವಿನಯ ಎಂದುಕೊಂಡರು. ವಿನಯವಂತೆ, ವಿನಯ! ಐವತ್ತರ ತನಕ ನಮ್ಮ ಮುಸಲ್ಮಾನರ ಕೇರಿಯಲ್ಲಿ ಅವನಷ್ಟು ಎದೆ ಸೆಟೆಸಿ ನಡೆದವನು ಇನ್ನೊಬ್ಬನಿರಲಿಲ್ಲ. ಆ ತಲೆ ಬಗ್ಗಿದ್ದು ನಾಚಿಕೆಯಿಂದ, ಬರೀ ನಾಚಿಕೆಯಿಂದ.

ಅವನ ಮನೆಯ ಮಹಡಿಯಲ್ಲಿ ಒಂದು ಪುಸ್ತಕವಿತ್ತು. ಪೂರ್ವದೇಶದ ಮಹಾವೈದ್ಯರೊಬ್ಬರು ಹಿಂದೆಂದೋ ಅರಬ್ಬಿಯಲ್ಲಿ ಬರೆದದ್ದು. ತಲೆನೋವಿನಿಂದ ಹಿಡಿದು ಕಾಲುಗುರಿನ ತನಕ ಯಾವ ಕಾಯಿಲೆಯನ್ನೂ ಬಿಡದ ಗ್ರಂಥ. ಫರಾಜ್‌ನ ಮುತ್ತಾತ ನಾಲ್ಕು ವರ್ಷ ಕೂತು ಕೈಯಾರೆ ನಕಲು ಮಾಡಿದ್ದ. ಅದೇ ಗ್ರಂಥವನ್ನು ಕ್ರೈಸ್ತರ ಪಂಡಿತರು ತಮ್ಮ ಶಾಸ್ತ್ರದ ಭಾಷೆಯಾದ ಲತೀನಿಗೆ ತಿರುಗಿಸಿಕೊಂಡು ಲೇರಿದಾ ಪಟ್ಟಣದ ಪಾಠಶಾಲೆಯಲ್ಲಿ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಇದು ನಮ್ಮ ಕೇರಿಯ ಕತ್ತೆಗಳಿಗೂ ಗೊತ್ತಿದ್ದ ವಿಷಯ. ಸುಂಕದವನು ಬಂದು ಗದರಿಸಿ ಹೋದ ದಿನ, ಹೊಸ ಕಟ್ಟಳೆ ಹೊರಡಿಸಿ ನಮ್ಮನ್ನು ಇನ್ನಷ್ಟು ಮೂಲೆಗೆ ತಳ್ಳಿದ ದಿನ, ಜನ ಬಾವಿಯ ಹತ್ತಿರ ಕೂತು ಹೇಳಿಕೊಳ್ಳುತ್ತಿದ್ದುದು ಒಂದೇ ಮಾತು. “ಹೊಟ್ಟೆನೋವು ಬಂದ್ರೆ ಅವರ ದೊರೆಗೂ ನಮ್ಮ ಪುಸ್ತಕಾನೇ ಗತಿ. ಮೂಲ ಎಲ್ಲಿದೆ? ನಮ್ಮ ಫರಾಜನ ಅಟ್ಟದ ಮೇಲೆ!”

ಈಗ ಹೇಳಲೇಬೇಕಾದ ಮಾತು. ಆ ಪುಸ್ತಕದ ಒಂದು ಸಾಲೂ ಫರಾಜ್‌ಗೆ ಅರ್ಥವಾಗುತ್ತಿರಲಿಲ್ಲ.

ನಮ್ಮ ಊರು ಕ್ರೈಸ್ತ ದೊರೆಗಳ ಕೈಕೆಳಗೆ ಬಂದು ಮುನ್ನೂರು ವರ್ಷವಾಗಿತ್ತು. ನಮ್ಮ ಜನ ಆಡುತ್ತಿದ್ದುದು ಆ ಸೀಮೆಯ ಕ್ರೈಸ್ತರೂ ಆಡುವ ಅರಗೋನಿ ಮಾತನ್ನೇ. ಅಕ್ಷರ ಮಾತ್ರ ಅರಬ್ಬಿಯದು. ಮದುವೆಯ ಕರಾರು, ಅಣ್ಣತಮ್ಮಂದಿರ ಜಗಳದ ಕಾಗದ ಎಲ್ಲವನ್ನೂ ನಮ್ಮ ಮಾತಿನಲ್ಲಿ ಆ ಅಕ್ಷರದಲ್ಲೇ ಬರೆಯುತ್ತಿದ್ದರು. ಮಸೀದಿಯ ಪಾಠದಲ್ಲಿ ಫರಾಜ್ ಅಕ್ಷರ ಕಲಿತ, ಉಚ್ಚಾರ ಕಲಿತ, ರಾಗ ಕಲಿತ. ಅರ್ಥ ಕಲಿಸುವವರು ಯಾರೂ ಉಳಿದಿರಲಿಲ್ಲ. ದೇವರು ಕೊಟ್ಟ ಕಂಠ ಬೇರೆ ಇತ್ತು ಪುಣ್ಯಾತ್ಮನಿಗೆ. ರೋಗಿಯನ್ನು ಮುಂದೆ ಕೂರಿಸಿಕೊಂಡು, ಪುಸ್ತಕ ತೆರೆದು, ಸಿಕ್ಕಿದ ಪುಟವನ್ನು ಅವನು ಓದಿದನೆಂದರೆ ಕೇಳಿದವರ ಕಣ್ಣಲ್ಲಿ ನೀರು. ಆಮೇಲೆ ಮೂಳೆ ಕೂರಿಸುತ್ತಿದ್ದ. ಅವನ ಅಪ್ಪನೂ ಹಾಗೆಯೇ ಮಾಡಿದವನು. ಸಾಯುವ ಮುಂಚೆ ಮಗನ ಕಿವಿಯಲ್ಲಿ, “ನಿಂಗೂ ಗೊತ್ತಾಗಲ್ಲ ಅಂತ ನಂಗೊತ್ತು ಕಣೋ. ನಂಗೂ ಗೊತ್ತಾಗ್ತಿರಲಿಲ್ಲ. ಯಾರಿಗೂ ಹೇಳ್ಬೇಡ, ಕೇರಿ ಮಾನ ಹೋಗುತ್ತೆ” ಎಂದು ಹೇಳಿ ಕಣ್ಣು ಮುಚ್ಚಿದ್ದ.

ಹಾಗಾದರೆ ಮೂಳೆ ಕೂರಿಸುವ ಕೈಚಳಕ ಬಂದದ್ದೆಲ್ಲಿಂದ? ತಾಯಿಯಿಂದ. ಸೋಹ್ರಾಜ್ಜಿ ಅಂದರೆ ಸೋಹ್ರಾಜ್ಜಿಯೇ. ಗಂಡ ಮಹಡಿಯಲ್ಲಿ ರಾಗ ಎಳೆಯುತ್ತಿದ್ದಾಗ ಕೆಳಗೆ ಅಡುಗೆಮನೆಯ ಪಕ್ಕದಲ್ಲಿ ಉಳುಕು, ಮುರಿತ, ಕೀಲು ತಪ್ಪಿದ್ದು ಎಲ್ಲವನ್ನೂ ಸರಿಮಾಡುತ್ತಿದ್ದವಳು ಅವಳು. ಅವಳಿಗೆ ಅದು ಅವಳ ಅತ್ತೆಯಿಂದ ಬಂದದ್ದು. ಅಕ್ಷರದ ಗಂಧ ಇಬ್ಬರಿಗೂ ಇರಲಿಲ್ಲ. ಮಗನ ಕೈಯ ಮೇಲೆ ತನ್ನ ಕೈಯಿಟ್ಟು ವರ್ಷಗಟ್ಟಲೆ ಕಲಿಸಿದಳು. ಎಂಬತ್ತು ದಾಟಿದ ಮೇಲೆ ಕೈ ನಡುಗತೊಡಗಿತು, ಮಹಡಿ ಹತ್ತಲು ಮಂಡಿ ಒಪ್ಪಲಿಲ್ಲ. ಬಾಗಿಲ ಬಳಿ ಚಾಪೆ ಹಾಕಿಕೊಂಡು ಕಡಲೆ ಆರಿಸುತ್ತ, ಬಂದು ಹೋಗುವವರ ನಡಿಗೆ ನೋಡಿ “ಏ, ನಿನ್ನ ಸೊಂಟ ಎಡಕ್ಕೆ ವಾಲಿದೆ, ಹೆಂಡ್ತಿ ಒದ್ಲಾ?” ಎಂದು ಕೂಗುತ್ತ ಕಾಲ ಹಾಕುತ್ತಿದ್ದಳು. ಅವಳ ನಾಲಿಗೆಗೆ ಮಾತ್ರ ವಯಸ್ಸೇ ಆಗಿರಲಿಲ್ಲ.

ಫರಾಜ್‌ಗೆ ಐವತ್ತಾದ ವರ್ಷ ಊರಿನ ಪಂಚಾಯಿತಿಯವರು ಲೇರಿದಾದಲ್ಲಿ ಓದಿದ ವೈದ್ಯರೊಬ್ಬರನ್ನು ಕರೆಸಿ ಇಟ್ಟುಕೊಂಡರು. ನಿಕೊಲಾವ್ ಪಂಡಿತರು; ಬಡಕಲು ಮೈ, ಉದ್ದ ಮೂಗು, ಯಾವಾಗಲೂ ಶೀತ. ಇನ್ನು ಫರಾಜ್‌ನ ಬಾಗಿಲು ಮುಚ್ಚಿಸುತ್ತಾರೆ ಎಂದು ಕೇರಿಯೆಲ್ಲ ನಡುಗಿತು.

ಅವರಿಬ್ಬರು ಮುಖಾಮುಖಿಯಾದದ್ದು ಕ್ರೈಸ್ತರ ಇಗರ್ಜಿಯ ಗೋಪುರದ ಬುಡದಲ್ಲಿ. ಗೋಪುರ ಕಟ್ಟುತ್ತಿದ್ದವರು ನಮ್ಮವರೇ. ಇಟ್ಟಿಗೆಯ ಕೆಲಸಕ್ಕೆ ನಮ್ಮವರಿಲ್ಲದೆ ಅವರಿಗೆ ಆಗಬೇಕಲ್ಲ. ಗಾರೆಯವನು ಯೂಸೆ ಅಟ್ಟಣಿಗೆಯಿಂದ ಜಾರಿಬಿದ್ದು ಭುಜದ ಕೀಲು ತಪ್ಪಿಸಿಕೊಂಡ. ನಿಕೊಲಾವ್ ಪಂಡಿತರು ಓಡಿಬಂದು, ಯೂಸೆಯನ್ನು ನೆಲಕ್ಕೆ ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈಯನ್ನು ಎರಡು ಸಲ ಎಳೆದರು. ಯೂಸೆಯ ಅರಚಾಟ ನದಿಯಾಚೆಗೆ ಕೇಳಿಸಿತು. “ಸಾಯಿಸ್ತಾರಲ್ಲಪ್ಪೋ! ಫರಾಜಣ್ಣನ್ನ ಕರೀರೋ!”

ಫರಾಜ್ ಬಂದ. ಯೂಸೆಯನ್ನು ಎಬ್ಬಿಸಿ ಕೂರಿಸಿದ. ಮೊಣಕೈ ಮಡಿಸಿ, ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ಮೆಲ್ಲಗೆ, ತೀರಾ ಮೆಲ್ಲಗೆ ಹೊರಕ್ಕೆ ತಿರುಗಿಸತೊಡಗಿದ. ತಿರುಗಿಸುತ್ತ ಮಾತಿಗೆಳೆದ. “ಏನೋ, ಮೇಲಿಂದ ಏನ್ ಕಂಡು ಬಿದ್ದೆ? ನಿಮ್ಮತ್ತೆ ಬರ್ತಿದ್ಲಾ?”

“ಅಯ್ಯೋ ಸುಮ್ನಿರಣ್ಣ, ನೋವು...”

“ಅವಳೇ ಇರ್ಬೇಕು. ಹೋದ್ ವರ್ಷ ಅವಳನ್ನ ನೋಡಿ ನಮ್ಮ ಕತ್ತೆನೂ ಹಳ್ಳಕ್ಕೆ ಹಾರಿತ್ತು.”

ಯೂಸೆಗೆ ಆ ನೋವಿನಲ್ಲೂ ನಗು ತಡೆಯಲಾಗಲಿಲ್ಲ. ನಗು ಬಂದ ಕ್ಷಣ ಮೈ ಸಡಿಲಾಯಿತು, ಕೀಲು ಲಟಕ್ಕೆಂದು ತನ್ನ ಜಾಗಕ್ಕೆ ಹೋಗಿ ಕೂತಿತು. ಕೂತದ್ದು ಅವನಿಗೇ ಗೊತ್ತಾಗಲಿಲ್ಲ.

ನಿಕೊಲಾವ್ ಪಂಡಿತರು ಟೋಪಿ ತೆಗೆದರು. ಊರ ಜನರೆಲ್ಲರ ಎದುರು ಮುಸಲ್ಮಾನನೊಬ್ಬನಿಗೆ ಟೋಪಿ ತೆಗೆದರು! “ನನ್ನ ಪುಸ್ತಕದಲ್ಲಿ ಇದಿಲ್ವಲ್ಲ. ಎಲ್ಲಿದೆ ಇದು?” ಎಂದು ಕೇಳಿದರು.

ಸುತ್ತ ಐವತ್ತು ಜನ ನಿಂತಿದ್ದರು. ನಮ್ಮಮ್ಮ ಹೇಳಿಕೊಟ್ಟದ್ದು ಎಂದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಇಷ್ಟು ದೊಡ್ಡ ಪಂಡಿತರ ಮುಂದೆ ಅಡುಗೆಮನೆಯ ಮುದುಕಿಯ ಹೆಸರು ಹೇಳುವುದೇ ಎಂದು ಆ ಬಾಯಿ ಹಿಂಜರಿಯಿತು.

“ದೊಡ್ಡ ಪುಸ್ತಕದಲ್ಲಿ,” ಎಂದ ಫರಾಜ್. “ಮೂಲದಲ್ಲಿದೆ.”

ಅಲ್ಲಿಗೆ ಸಿಕ್ಕಿಬಿದ್ದ. ನಿಕೊಲಾವ್ ಪಂಡಿತರು ಬಾಗಿಲು ಮುಚ್ಚಿಸಲು ಬರಲಿಲ್ಲ. ಶುಕ್ರವಾರದ ನಮಾಜು ಮುಗಿಯುವ ಹೊತ್ತಿಗೆ ತಮ್ಮ ಲತೀನು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿಷ್ಯನ ಹಾಗೆ ಬಂದರು. “ನಮ್ಮದು ಯಾರೋ ಆತುರದಲ್ಲಿ ತಿರುಗಿಸಿದ್ದು, ಫರಾಜ್ ಅವರೇ. ಎಷ್ಟೋ ಕಡೆ ಬಿಟ್ಟುಹೋಗಿದೆ. ನೀವು ಓದಿ, ಅರ್ಥ ಹೇಳಿ. ನಾನು ಅಂಚಿನಲ್ಲಿ ಬರ್ಕೋತೀನಿ. ಲೇರಿದಾದ ಹುಡುಗರು ನನ್ನ ಪ್ರತೀನ ನೋಡಿ ನಕಲು ಮಾಡ್ಕೋತಾರೆ. ಎಷ್ಟು ಜನಕ್ಕೆ ಉಪಕಾರ!”

ಫರಾಜ್ ಅವರನ್ನು ಮಹಡಿಗೆ ಕರೆದೊಯ್ದ. ಪುಸ್ತಕ ತೆರೆದ, ರಾಗವಾಗಿ ಓದಿದ. ಅರ್ಥ ಕೇಳಿದಾಗ ತಾಯಿ ಹೇಳಿಕೊಟ್ಟದ್ದನ್ನು ಹೇಳಿದ. ಪಕ್ಕೆಲುಬು ಮುರಿದವರಿಗೆ ಪಟ್ಟಿ ಎಷ್ಟು ಬಿಗಿಯಿರಬೇಕು, ಮಗುವಿನ ಮೊಣಕೈ ಜಾರಿದರೆ ಹೆಬ್ಬೆರಳು ಎಲ್ಲಿಡಬೇಕು, ಊತ ಇಳಿಯುವ ತನಕ ಏಕೆ ಕಟ್ಟಬಾರದು. ಪಂಡಿತರು ಮೂಗೊರೆಸಿಕೊಳ್ಳುತ್ತ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: ಅರಬ್ಬಿ ಮೂಲದಲ್ಲಿ ಹೀಗಿದೆ. ಆರು ತಿಂಗಳಲ್ಲಿ ಅಂಥ ಟಿಪ್ಪಣಿಗಳು ಹನ್ನೊಂದಾದವು. ಮೊದಲ ಶುಕ್ರವಾರ ಫರಾಜ್‌ಗೆ ಊಟ ಸೇರಲಿಲ್ಲ. ಎಂಟನೆಯ ಶುಕ್ರವಾರದ ಹೊತ್ತಿಗೆ, ಏನು ಹೇಳಲಿ ಆ ಮನುಷ್ಯನ ಭಂಡತನವನ್ನು, ಪುಟ ಹುಡುಕುವ ನಾಟಕವನ್ನೂ ಸೊಗಸಾಗಿ ಆಡುತ್ತಿದ್ದ. ಕೆಳಗೆ ಚಾಪೆಯ ಮೇಲಿದ್ದ ತಾಯಿ “ಏನೋ ಅದು, ಪಂಡಿತನ ಜೊತೆ ವಾರವಾರ?” ಎಂದು ಕೇಳಿದರೆ “ಪುಸ್ತಕದ ವಿಚಾರಮ್ಮ, ನಿಂಗೆ ತಿಳಿಯಲ್ಲ” ಎನ್ನುತ್ತಿದ್ದ.

ಅಂಜೂರ ಹಣ್ಣಾಗುವ ಕಾಲಕ್ಕೆ ಇಟ್ಟಿಗೆಗೂಡಿನಲ್ಲಿ ಸುಟ್ಟ ಇಟ್ಟಿಗೆಯ ರಾಶಿ ಕುಸಿದು ಯೂಸೆಯ ಹೆಂಡತಿ ನೂಸಾಳ ಕಾಲಿನ ಮೇಲೆ ಬಿತ್ತು. ಮೂರು ಮಕ್ಕಳ ತಾಯಿ, ಮೂವತ್ತು ದಾಟಿರಲಿಲ್ಲ. ಮೊಣಕಾಲ ಕೆಳಗೆ ಮೂಳೆ ಎರಡು ಕಡೆ ಮುರಿದು ಚರ್ಮ ಹರಿದುಕೊಂಡು ಹೊರಬಂದಿತ್ತು. ಬಾಗಿಲನ್ನೇ ಕಿತ್ತು ಅದರ ಮೇಲೆ ಮಲಗಿಸಿಕೊಂಡು ಫರಾಜ್‌ನ ಅಂಗಳಕ್ಕೆ ತಂದರು. ನಿಕೊಲಾವ್ ಪಂಡಿತರೂ ಓಡಿ ಬಂದರು. ಮಸೀದಿಯ ಗುರು ಬ್ರಾಹೆಂ ಬಂದರು. ಕೇರಿಗೆ ಕೇರಿಯೇ ಬಂತು.

ಪಂಡಿತರು ಕಾಲು ನೋಡಿ ಫರಾಜ್‌ನನ್ನು ಪಕ್ಕಕ್ಕೆ ಕರೆದರು. “ಒಳಗೆ ಚೂರುಗಳಿವೆ. ಬಿಡಿಸಿ ತೆಗೆದು ಕೂರಿಸ್ಬೇಕು. ಎಚ್ಚರದಲ್ಲಿದ್ರೆ ಅಲುಗಾಡಿಬಿಡ್ತಾಳೆ, ರಕ್ತನಾಳ ಕೊಯ್ದುಹೋಗುತ್ತೆ. ನಿದ್ದೆ ಮದ್ದು ಕುಡಿಸ್ಬೇಕು.” ಗಸಗಸೆ ಕಾಯಿ ಗೀರಿ ತೆಗೆದ ಹಾಲು, ಮತ್ತಿನ ಬೇರು ಕೂಡಿಸಿ ಕಾಯಿಸಿದ ಮದ್ದು ಅದು, ಮಾಡುವ ವಿಧಾನವೂ ದೊಡ್ಡ ಪುಸ್ತಕದ್ದೇ. “ಮದ್ದು ನನ್ನ ಹತ್ರ ಇದೆ. ಆದರೆ ಅಳತೆ ನೋಡಿ, ನನ್ನ ಲತೀನಿನಲ್ಲಿರೋದು ಜಾಸ್ತಿ ಅನ್ನಿಸುತ್ತೆ. ಈ ಅಳತೆಯಲ್ಲಿ ಕುಡಿದವನೊಬ್ಬ ಲೇರಿದಾದಲ್ಲಿ ಏಳಲೇ ಇಲ್ಲ. ಕಡಿಮೆ ಕೊಟ್ಟು, ಕೊಯ್ತಾ ಇರುವಾಗ ಎಚ್ಚರವಾಗಿ ಸತ್ತವಳನ್ನೂ ಕಂಡಿದೀನಿ. ಮೂಲದಲ್ಲಿ ಎಷ್ಟಿದೆ ನೋಡಿ ಹೇಳಿ. ಬೇಗ.”

ಮೂಳೆಯ ಮಾತಾಗಿದ್ದರೆ ಫರಾಜ್‌ನ ಕೈಗೆ ಗೊತ್ತಿತ್ತು. ಮದ್ದಿನ ಅಳತೆ ಅವನ ಕೈಗೂ ಗೊತ್ತಿರಲಿಲ್ಲ, ತಾಯಿಗೂ ಗೊತ್ತಿರಲಿಲ್ಲ.

“ಪುಸ್ತಕ ತನ್ನಿ!” ಎಂದರು ಗುರು ಬ್ರಾಹೆಂ, ಹೆಮ್ಮೆಯಿಂದ ಗಡ್ಡ ನೀವಿಕೊಳ್ಳುತ್ತ. ಯಾರೋ ಮಹಡಿಗೆ ಓಡಿ ಪುಸ್ತಕ ಹೊತ್ತು ತಂದರು. ಫರಾಜ್ ತೆರೆದ. ಕಣ್ಣಿಗೆ ಬಿದ್ದ ಪುಟವನ್ನು ಓದತೊಡಗಿದ. ಅದು ಕಣ್ಣಿನ ರೋಗದ್ದೋ ಹೊಟ್ಟೆಯ ರೋಗದ್ದೋ ದೇವರೇ ಬಲ್ಲ. ಅಭ್ಯಾಸ ನೋಡಿ, ಆ ಗಾಬರಿಯಲ್ಲೂ ರಾಗ ತಪ್ಪಲಿಲ್ಲ. ಜನ ಉಸಿರು ಬಿಗಿಹಿಡಿದು ಕೇಳಿದರು. ಯೂಸೆ ಮೊಣಕಾಲೂರಿ ಕೂತಿದ್ದ. ನೂಸಾ ಬಾಗಿಲ ಹಲಗೆಯ ಮೇಲೆ ತಲೆ ಹೊರಳಿಸಿ ಅವನ ಕಡೆ ನೋಡಿದಳು. ನೋವಿನಲ್ಲಿ ತುಟಿ ಕಚ್ಚಿಕೊಂಡಿದ್ದಳು, ಆದರೂ ಆ ಓದು ಕೇಳಿ ಅವಳ ಮುಖದಲ್ಲಿ ಒಂದಿಷ್ಟು ನೆಮ್ಮದಿ ಬಂತು. ಇನ್ನು ನನಗೇನೂ ಆಗುವುದಿಲ್ಲ ಎನ್ನುವ ನೆಮ್ಮದಿ.

ಅದನ್ನು ನೋಡಿದ್ದೇ ಫರಾಜ್ ಓದು ನಿಲ್ಲಿಸಿದ.

“ಎಷ್ಟಿದೆ?” ಎಂದರು ಪಂಡಿತರು. ಮದ್ದಿನ ಬಟ್ಟಲು ಅವರ ಕೈಯಲ್ಲಿತ್ತು.

ಹೆಚ್ಚೆನ್ನಲೇ? ಸಾಯುತ್ತಾಳೆ. ಕಡಿಮೆಯೆನ್ನಲೇ? ಆಗಲೂ ಸಾಯಬಹುದು. ಸತ್ತರೂ ತನ್ನನ್ನು ಯಾರೂ ಕೇಳುವುದಿಲ್ಲ, ಪುಸ್ತಕದಲ್ಲಿತ್ತು ಎಂದರೆ ಸಾಕು. ಆ ಯೋಚನೆ ಅವನ ತಲೆಯಲ್ಲಿ ಬಂದುಹೋಯಿತು. ಅದು ಬಂತಲ್ಲ ಎನ್ನುವುದಕ್ಕೇ ಅವನು ಸಾಯುವ ತನಕ ನಾಚಿದ.

“ಗೊತ್ತಿಲ್ಲ,” ಎಂದ.

“ಆ ಪುಟ ಸಿಗ್ತಿಲ್ವಾ?”

“ಪುಟ ಅಲ್ಲ ಪಂಡಿತರೇ. ನಂಗೆ ಅರಬ್ಬಿ ಗೊತ್ತಿಲ್ಲ. ಓದೋಕೆ ಬರುತ್ತೆ. ಅರ್ಥ ಬರಲ್ಲ. ಒಂದು ಸಾಲೂ ಬರಲ್ಲ. ಯಾವತ್ತೂ ಬರ್ತಿರಲಿಲ್ಲ.”

ಗುರು ಬ್ರಾಹೆಂ ಮೊದಲು “ಏನ್ ಮಾತಾಡ್ತಿದೀಯೋ?” ಎಂದು ಗದರಿದರು, ಆಮೇಲೆ, ಅರ್ಥ ಹೇಳಿ ಎಂದು ಅದೇ ಪುಸ್ತಕವನ್ನು ತಮ್ಮ ಕೈಗೆ ಕೊಟ್ಟಾರು ಎಂದು ಹೊಳೆದಿರಬೇಕು, ಮೆಲ್ಲಗೆ ಜನರ ಹಿಂದಕ್ಕೆ ಸರಿದರು. ಯೂಸೆ ಫರಾಜ್‌ನ ಮುಖವನ್ನೇ ನೋಡಿದ. “ನಮ್ಮಪ್ಪ ಸಾಯೋವಾಗ ನೀನು ಓದಿದ್ದು?” ಎಂದ. ಫರಾಜ್ ಪುಸ್ತಕ ಮುಚ್ಚಿದ. ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ.

ನಿಕೊಲಾವ್ ಪಂಡಿತರ ಮುಖ ಬಿಳಿಚಿಕೊಂಡಿತು. ಆದರೆ ಅವರು ವೈದ್ಯರು, ಮುಂದೆ ರೋಗಿಯಿದ್ದಳು. ನಾಡಿಯ ಮೇಲೆ ಬೆರಳಿಟ್ಟು ಚಮಚ ಚಮಚವಾಗಿ ಕುಡಿಸಿದರು. ಕುಡಿಸುವುದು, ಕಾಯುವುದು, ನೋಡುವುದು, ಮತ್ತೆ ಕುಡಿಸುವುದು. ಮಧ್ಯಾಹ್ನದಿಂದ ಇಳಿಹೊತ್ತಿನ ನಮಾಜಿನ ತನಕ ನೂಸಾ ಅರೆನಿದ್ದೆಯಲ್ಲಿ ನರಳಿದಳು. ನಾಲ್ಕು ಜನ ಹಿಡಿದುಕೊಂಡರು. ಪಂಡಿತರು ಚೂರು ತೆಗೆದರು, ಫರಾಜ್ ಮೂಳೆ ಕೂರಿಸಿದ. ನೂಸಾ ಬದುಕಿಕೊಂಡಳು. ಆ ಕಾಲು ಸ್ವಲ್ಪ ಗಿಡ್ಡವಾಯಿತು, ಅಷ್ಟೇ.

ಕೇರಿ ಬಿಟ್ಟೀತೇ? ಮಾರನೆಯ ದಿನದಿಂದಲೇ ಶುರುವಾಯಿತು. “ಓದಪ್ಪಾ ಫರಾಜ, ನಮ್ಮ ಕತ್ತೆಗೆ ಕೆಮ್ಮು, ಒಂದು ಪುಟ ಓದು.” ನಗುವವರಿಗಿಂತ ನಗದೆ ಮುಖ ತಿರುಗಿಸಿದವರೇ ಹೆಚ್ಚು. ಬಾವಿಯ ಹತ್ತಿರ ಹೇಳಿಕೊಳ್ಳಲು ಅವರಿಗೆ ಇದ್ದದ್ದು ಅದೊಂದೇ ಮಾತಾಗಿತ್ತು, ಅದನ್ನೂ ಅವನು ಕಿತ್ತುಕೊಂಡಿದ್ದ.

ಹತ್ತು ದಿನದ ಮೇಲೆ ನಿಕೊಲಾವ್ ಪಂಡಿತರು ಬಂದರು. ಕೈಯಲ್ಲಿ ಅದೇ ಪುಸ್ತಕ, ಲೇಖನಿ, ಮಸಿ. ಅವರನ್ನು ಮಹಡಿಗೆ ಕರೆಯಲು ಫರಾಜ್‌ಗೆ ಮುಖವಿರಲಿಲ್ಲ. ಕೆಳಗೇ, ತಾಯಿಯ ಚಾಪೆಯ ಪಕ್ಕದಲ್ಲಿ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಆ ಮನುಷ್ಯ ಬೈಯಲೂ ಇಲ್ಲ.

“ಅಂಚಿನಲ್ಲಿರೋದನ್ನ ಒಂದೊಂದಾಗಿ ಓದ್ತೀನಿ. ಮೂಲದ್ದಲ್ಲದ್ದನ್ನ ಹೊಡೆದುಹಾಕ್ಬೇಕು. ಇದನ್ನ ನಕಲು ಮಾಡೋಕೆ ಹುಡುಗರು ಚಳಿಗಾಲಕ್ಕೆ ಬರ್ತಾರೆ.”

ಮೊದಲನೆಯದು ಪಕ್ಕೆಲುಬಿನದು. ಅರಗೋನಿಯಲ್ಲಿ ಹೇಳಿದರು. “ಪುಸ್ತಕದ್ದಾ?” “ಅಲ್ಲ.” ಗೀಟು ಬಿತ್ತು. ಮಗುವಿನ ಮೊಣಕೈ. “ಅಲ್ಲ.” ಗೀಟು. ಕಡಲೆ ಆರಿಸುತ್ತಿದ್ದ ಸೋಹ್ರಾಜ್ಜಿಯ ಕೈ ನಿಂತಿತು. ಪ್ರತಿಯೊಂದು ಮಾತೂ ಅವಳದ್ದು, ಅವಳ ಅತ್ತೆಯದ್ದು. ಹತ್ತು ಸಲ ಫರಾಜ್ ತಲೆ ತಗ್ಗಿಸಿಕೊಂಡೇ ಅಲ್ಲ ಎಂದ. ತಾಯಿಯ ಕಡೆ ಒಮ್ಮೆಯೂ ನೋಡಲಿಲ್ಲ.

ಹನ್ನೊಂದನೆಯದು ಭುಜದ್ದು. ಪಂಡಿತರು ಓದಿ ಮುಗಿಸಿ ಲೇಖನಿಯನ್ನು ಕೈಯಲ್ಲೇ ತಿರುಗಿಸಿದರು.

“ಇದನ್ನ ನಾನು ಕಣ್ಣಾರೆ ನೋಡಿದೀನಿ. ಆಮೇಲೆ ನಾನೇ ಮೂರು ಜನಕ್ಕೆ ಮಾಡಿದೆ, ಮೂರೂ ಕೂತ್ವು. ಯಾರು ಕಲಿಸಿದ್ದು ನಿಮಗೆ?”

ಫರಾಜ್ ತಾಯಿಯ ಕಡೆ ಕೈ ತೋರಿಸಿದ.

ಪಂಡಿತರು ಮುದುಕಿಯನ್ನು ನೋಡಿದರು. ಪಾಪ, ನಗಲಿಲ್ಲ. “ಇವರ ಹೆಸರು ಬರೆದ್ರೆ ಲೇರಿದಾದಲ್ಲಿ ಯಾರೂ ನಕಲು ಮಾಡಲ್ಲ. ಮೂಲದಲ್ಲಿದೆ ಅಂದ್ರೆ ಮಾತ್ರ ಮಾಡ್ತಾರೆ. ನಂಗೆ ಅರಬ್ಬಿ ಬರಲ್ಲ, ಪರೀಕ್ಷೆ ಮಾಡೋಕೆ ಆಗಲ್ಲ. ಇದೊಂದು ನಿಜವಾಗಿ ಇದೆ ಅಂತ ನೀವಂದ್ರೆ ಇದೆ. ಇರ್ಲಿ ಅಂತ ಬಿಟ್ಬಿಡ್ತೀನಿ.” ಲೇಖನಿಯನ್ನು ಕೆಳಗಿಟ್ಟು ಕಾದರು. ಹೂಂ ಅನ್ನಲಿ ಎಂದೇ ಕಾಯುತ್ತಿದ್ದರು.

ಗೋಪುರದ ಬುಡದಲ್ಲಿ ತಾಯಿಯ ಹೆಸರು ನುಂಗಿಕೊಂಡ ಪಾಪ ಫರಾಜ್‌ನ ಹೊಟ್ಟೆಯಲ್ಲಿ ಕೂತಿತ್ತು. ಇನ್ನೊಂದು ಸಲ, ಅವಳ ಎದುರಿಗೇ, ಅದೇ ಸುಳ್ಳನ್ನೇ?

“ಪುಸ್ತಕದಲ್ಲಿದೆಯೋ ಇಲ್ಲವೋ ನಂಗೆ ಗೊತ್ತಿಲ್ಲ. ಅದು ನಮ್ಮಮ್ಮಂದು ಪಂಡಿತರೇ,” ಎಂದ. “ಹೊಡೆದುಹಾಕಿ.”

ಪಂಡಿತರು ಲೇಖನಿಯನ್ನು ಮತ್ತೆ ಮಸಿಯಲ್ಲಿ ಅದ್ದಿದರು. ಆಮೇಲೆ ಗೀಟು ಎಳೆದರು, ಮಸಿ ಆರುವ ತನಕ ಊದಿದರು, ಪುಸ್ತಕ ಸುತ್ತಿಕೊಂಡು ಎದ್ದು ಹೋದರು. ಅವರು ಬೀದಿಯ ತಿರುವು ದಾಟುವ ತನಕ ಫರಾಜ್ ನೋಡುತ್ತ ನಿಂತಿದ್ದ. ಎಷ್ಟೋ ತಿಂಗಳ ಮೇಲೆ ಅವನಿಗೆ ಮನಸ್ಸು ಹಗುರವಾದಂತಿತ್ತು. ಕೊನೆಗೂ ತಾಯಿಯ ಹೆಸರು ಹೇಳಿದ್ದ. ಅವಳು ಏನಾದರೂ ಒಂದು ಒಳ್ಳೆಯ ಮಾತು ಹೇಳಿಯಾಳು ಎಂದು ತಿರುಗಿದ.

ಸೋಹ್ರಾಜ್ಜಿಯ ಮುಖ ಕೆಂಪಾಗಿತ್ತು. “ಲೋ ಮುಠ್ಠಾಳ,” ಎಂದಳು. “ಇದೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?”

“ಅಮ್ಮಾ, ನಿನ್ನ ಹೆಸರು...”

“ನನ್ನ ಹೆಸರು ತಗೊಂಡು ಯಾರೇನ್ ಮಾಡ್ತಾರೋ? ಭುಜ ಕಳಚ್ಕೊಂಡು ಬಿದ್ದಿರೋನು ನನ್ನ ಹೆಸರು ಕೇಳ್ತಾನಾ? ನಮ್ಮತ್ತೆ ನಂಗೆ ಕೊಟ್ಲು, ನಾನು ನಿಂಗೆ ಕೊಟ್ಟೆ. ಇವತ್ತು ಊರಾಚೆ ಹೋಗ್ತಿತ್ತು, ಬಾಗಿಲ ತನಕ ಹೋಗಿತ್ತು. ಇನ್ನು ಆ ಹುಡುಗರೆಲ್ಲ ಕಂಕುಳಿಗೆ ಹಿಮ್ಮಡಿ ಕೊಟ್ಟು ಎಳೀತಾ ಇರ್ತಾರೆ, ಜನ ಅರಚ್ಕೊತಾ ಇರ್ತಾರೆ.” ಅವಳು ಕಡಲೆಯ ಮೊರವನ್ನು ಪಕ್ಕಕ್ಕೆ ತಳ್ಳಿದಳು. “ನಿನ್ನ ಮನಸ್ಸು ಹಗುರ ಆಯ್ತಲ್ಲ? ಆಯ್ತು ಬಿಡು. ಕೈ ತೊಳ್ಕೊ, ಊಟಕ್ಕೇಳು.”